ಬಜ್ಜಿ ಭಾನುವಾರದ್ದು, ವಾಸನೆ ಬುಧವಾರದವರೆಗೆ!

ಭಾನುವಾರ ಸಂಜೆ ಮಳೆ, ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಅಲ್ಲಿಗೆ ಎಲ್ಲ ಚೆನ್ನಾಗೇ ಇರುತ್ತೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಕ್ಕೊಳ್ಳೋ ಶರ್ಟು, ಸೋಫಾ ದಿಂಬು, ಕರ್ಟನ್ನು, ತಲೆಗೂದಲು, ಎಲ್ಲದರಲ್ಲೂ ಅದೇ ಬಜ್ಜಿ. ಆದರೆ ಆಗ ಅದು ಬಾಯಲ್ಲಿ ನೀರೂರಿಸುವ ಘಮ ಅಲ್ಲ, ಹೊಟ್ಟೆ ತೊಳಸುವ ಕಮಟು ವಾಸನೆ. ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲದ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಮ್ಮ ಮನೆಯಲ್ಲಿ ಇದು ಬರೀ ಕಿರಿಕಿರಿಯಾಗಿ ಉಳಿಯಲಿಲ್ಲ. ಹೆಂಡತಿಗೆ ಆಗ ಮೂರು ತಿಂಗಳು. ಎಣ್ಣೆ ಘಾಟು ಮೂಗಿಗೆ ಬಿದ್ದರೆ ಸಾಕು, ವಾಂತಿ. ಸೊಸೆಯ ಬಾಯಿರುಚಿಗೆ ಏನಾದರೂ ಮಾಡಿಕೊಡೋಣ ಅಂತ ಅಮ್ಮ ಚಳ್ಳಕೆರೆಯಿಂದ ಬಂದಿದ್ದರು. ಎರಡೇ ವಾರದಲ್ಲಿ ಅವರು ಒಲೆ ಮೇಲೆ ಬಾಣಲೆ ಇಡೋದನ್ನೇ ಬಿಟ್ಟರು. ಯಾರೂ ಯಾರಿಗೂ ಏನೂ ಅಂದಿರಲಿಲ್ಲ. ‘ನನ್ನ ಅಡುಗೆ ಈ ಮನೆಗೆ ಒಗ್ಗಲ್ಲ ಬಿಡಪ್ಪ’ ಅಂತ ಒಂದು ದಿನ ಅಮ್ಮ ಹೇಳಿದಾಗ, ಇದಕ್ಕೊಂದು ದಾರಿ ಹುಡುಕಲೇಬೇಕು ಅನ್ನಿಸಿತು.

ರೂಮ್ ಫ್ರೆಶ್ನರ್, ಅಗರಬತ್ತಿ, ಕರ್ಪೂರ ಇವೆಲ್ಲ ದಾರಿಯಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಎರರ್ ಬಂದಾಗ ಅದರ ಮೆಸೇಜ್ ಮಾತ್ರ ಮುಚ್ಚಿಟ್ಟ ಹಾಗೆ. ಮಲ್ಲಿಗೆ ಪರಿಮಳದ ಬಜ್ಜಿ ವಾಸನೆ ಬರುತ್ತೆ ಅಷ್ಟೇ.

ವಾಸನೆ ಹುಟ್ಟೋದು ಎರಡು ಕಡೆಯಿಂದ. ಹಿಟ್ಟಿನಲ್ಲಿರುವ ನೀರು ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಹಬೆಯಾಗಿ ಚಿಮ್ಮುತ್ತೆ, ಚಿಮ್ಮುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಹನಿಗಳನ್ನು ಹೊತ್ತೊಯ್ಯುತ್ತೆ. ಅವು ಹೋಗಿ ಬಟ್ಟೆ, ಗೋಡೆ, ಫ್ಯಾನಿನ ರೆಕ್ಕೆ ಮೇಲೆ ಕೂರುತ್ತವೆ. ಇನ್ನೊಂದು, ಎಣ್ಣೆಯೇ ಬಿಸಿಗೆ ಒಡೆದು ಆಲ್ಡಿಹೈಡ್ ಅನ್ನೋ ವಸ್ತುಗಳಾಗುತ್ತೆ. ಕರಿದ ತಿಂಡಿಯ ಘಮವೂ ಮರುದಿನದ ಕಮಟೂ ಈ ಒಂದೇ ಬಳಗದ ಮಕ್ಕಳು. ಬಟ್ಟೆಗೆ ಅಂಟಿದ ಹನಿ ಗಾಳಿಯ ಜೊತೆ ಸೇರಿ ದಿನಗಟ್ಟಲೆ ಒಡೆಯುತ್ತಲೇ ಇರುತ್ತೆ, ಹಾಗಾಗಿ ವಾಸನೆ ಬುಧವಾರದವರೆಗೂ ಬರುತ್ತೆ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಅಕ್ರೋಲಿನ್ ಅನ್ನೋದು ಹುಟ್ಟಿ ಕಣ್ಣು ಉರಿಯುತ್ತೆ, ಗಂಟಲು ಕೆರೆಯುತ್ತೆ.

ಇದು ಮೂಗಿಗೆ ಮಾತ್ರ ಸಂಬಂಧಪಟ್ಟ ವಿಷಯವೂ ಅಲ್ಲ. ಹೆಚ್ಚು ಉಷ್ಣತೆಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎನ್ನುವ 2ಎ ಗುಂಪಿನಲ್ಲಿಟ್ಟಿದೆ. ತಿಂಗಳಿಗೊಮ್ಮೆ ಬೋಂಡಾ ಮಾಡಿದರೆ ಏನೋ ಆಗಿಬಿಡುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ದಿನಾ ಒಲೆ ಮುಂದೆ ನಿಲ್ಲುವವರು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಒಬ್ಬರೇ. ಆ ಹೊಗೆಯೆಲ್ಲ ಅವರಿಗೇ.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಕರಿಯೋಕೆ ಬೇಕಾದ ಬಿಸಿ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್. ಎಣ್ಣೆ ಹೊಗೆಯಾಡಲು ಶುರುವಾಗುವ ಬಿಸಿ, ಅಂದರೆ ಸ್ಮೋಕ್ ಪಾಯಿಂಟ್, ಅದಕ್ಕಿಂತ ಸಾಕಷ್ಟು ಮೇಲಿರಬೇಕು. ರಿಫೈನ್ಡ್ ಕಡಲೆಕಾಯಿ ಎಣ್ಣೆಯದು ಸುಮಾರು 230. ಗಾಣದ ಕಡಲೆಕಾಯಿ ಎಣ್ಣೆಯದು 160ರ ಆಸುಪಾಸು. ಒಂದೇ ಕಾಯಿ, ಎರಡು ಸ್ವಭಾವ.

ಇಲ್ಲೇ ನನಗೂ ಅಮ್ಮನಿಗೂ ಜಟಾಪಟಿ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು. ಬಸ್ಸಲ್ಲಿ ಐದು ಲೀಟರ್ ಕ್ಯಾನ್ ಕಾಲಡಿ ಇಟ್ಟುಕೊಂಡು ಗಾಣದೆಣ್ಣೆ ತಂದಿರುವ ಅಮ್ಮನಿಗೆ ‘ಇದರಲ್ಲಿ ಕರೀಬೇಡ’ ಅನ್ನೋದು ಹೇಗೆ? ‘ರಿಫೈನ್ಡ್ ಎಣ್ಣೇಲಿ ಏನ್ ಐತೋ, ಘಮಾನೂ ಇಲ್ಲ, ರುಚೀನೂ ಇಲ್ಲ’ ಅಂದರು. ಅವರು ಹೇಳಿದ್ದು ಸರಿ. ಶುದ್ಧೀಕರಿಸುವಾಗ ಘಮದ ಜೊತೆ ಬೇಗ ಸೀಯುವ ಅಂಶಗಳೂ ಹೋಗಿಬಿಡುತ್ತವೆ. ಕರಿಯೋಕೆ ಬೇಕಾಗಿರೋದು ಅದೇ. ಊರಿನ ಮಾಳಿಗೆ ಮನೆಯಲ್ಲಿ ಒಲೆಯ ಮೇಲೇ ಗವಾಕ್ಷಿ ಇತ್ತು, ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತು, ಗಾಣದೆಣ್ಣೆ ನಡೆಯುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಗವಾಕ್ಷಿ ಎಲ್ಲಿಂದ ತರೋದು?

ಕೊನೆಗೆ ರಾಜಿ ಆಯಿತು. ಒಗ್ಗರಣೆ, ಪಲ್ಯ, ಚಟ್ನಿಪುಡಿ ಮೇಲೆ ಹಾಕ್ಕೊಳ್ಳೋಕೆ ಗಾಣದೆಣ್ಣೆ. ಬಾಣಲೆಗೆ ರಿಫೈನ್ಡ್ ಕಡಲೆಕಾಯಿ ಎಣ್ಣೆ.

ಸ್ಮೋಕ್ ಪಾಯಿಂಟ್ ಒಂದನ್ನೇ ನೋಡಿದರೆ ಸಾಲದು. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯದೂ ಸುಮಾರು 230 ಡಿಗ್ರಿಯೇ. ಆದರೆ ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ತುಂಬಾ ಜಾಸ್ತಿ. ಬಿಸಿಗೆ ಬೇಗ ಒಡೆದು ಹೆಚ್ಚು ಆಲ್ಡಿಹೈಡ್ ಕೊಡೋದು ಇದೇ. ಉತ್ತರ ಕರ್ನಾಟಕದ ಕುಸುಬಿ ಎಣ್ಣೆಯಲ್ಲಿ ಇದು ಇನ್ನೂ ಹೆಚ್ಚು. ಪಲ್ಯಕ್ಕೆ ಒಳ್ಳೆಯದೇ, ಗಂಟೆಗಟ್ಟಲೆ ಚಕ್ಕುಲಿ ಕರಿಯೋಕೆ ಅಲ್ಲ. ತವಡಿನ ಎಣ್ಣೆ, ಅಂದರೆ ರೈಸ್ ಬ್ರಾನ್, ಬಿಸಿಯನ್ನು ಚೆನ್ನಾಗಿ ತಾಳುತ್ತೆ. ಕರಾವಳಿಯವರ ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್ ಕೊಬ್ಬು, ಹಾಗಾಗಿ ಅದು ಸುಲಭಕ್ಕೆ ಒಡೆಯಲ್ಲ. ಆದರೆ ಶುದ್ಧೀಕರಿಸದ್ದು 175ರ ಹತ್ತಿರವೇ ಹೊಗೆಯಾಡುತ್ತೆ, ಉರಿ ಹದವಾಗಿರಬೇಕು. ಜೊತೆಗೆ ಅಷ್ಟು ಸ್ಯಾಚುರೇಟೆಡ್ ಕೊಬ್ಬು ದಿನಾ ಮೂರು ಹೊತ್ತೂ ಬೇಡ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬೇರೆ ಬೇರೆ ಎಣ್ಣೆ ಬಳಸಿ ಅನ್ನೋದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಪ್ಯಾಕೆಟ್ ಮುಂದಿನ ಹೃದಯದ ಚಿತ್ರ ನೋಡಿ ಮರುಳಾಗಬೇಡಿ, ಹಿಂದಿರುವ ಸಣ್ಣ ಅಕ್ಷರ ಓದಿ. ಬ್ಲೆಂಡೆಡ್ ಎಣ್ಣೆ ಆದರೆ ಯಾವುದು ಎಷ್ಟು ಪಾಲು ಅಂತ ಅಲ್ಲೇ ಇರುತ್ತೆ.

ಉರಿಯ ಹದಕ್ಕೆ ನಾನು ಆನ್‌ಲೈನಲ್ಲಿ ಒಂದು ಥರ್ಮಾಮೀಟರ್ ತರಿಸಿದೆ. ಅಮ್ಮ ಎಂದಿನಂತೆ ಒಂದು ಹನಿ ಹಿಟ್ಟು ಬಿಟ್ಟು, ಅದು ಮುಳುಗಿ ತಕ್ಷಣ ತೇಲಿದ್ದನ್ನು ನೋಡಿ ‘ಈಗ ಹಾಕು’ ಅಂದರು. ಥರ್ಮಾಮೀಟರಿನಲ್ಲಿ 176. ನೀವು ದುಡ್ಡು ಉಳಿಸಬಹುದು.

ಬಾಣಲೆ ಅಗಲವಾದಷ್ಟೂ ಹೊಗೆ ಜಾಸ್ತಿ, ಯಾಕೆಂದರೆ ಗಾಳಿಗೆ ತೆರೆದುಕೊಳ್ಳುವ ಎಣ್ಣೆ ಜಾಸ್ತಿ. ಇಬ್ಬರು ಮೂವರಿಗೆ ಚಿಕ್ಕ, ಆಳದ, ದಪ್ಪ ತಳದ ಬಾಣಲೆ ಸಾಕು. ಉರಿ ತಳ ದಾಟಿ ಪಕ್ಕಕ್ಕೆ ಏರಬಾರದು. ಅಂಚಿಗೆ ಅಂಟಿದ ತೆಳು ಎಣ್ಣೆ ಪದರ ಸೀದು ಹೋಗೋದು ಅಲ್ಲೇ, ನಡುವೆ ಇರುವ ಎಣ್ಣೆ ಸರಿಯಾಗೇ ಇದ್ದರೂ ಮನೆ ತುಂಬಾ ಘಾಟು. ಉದುರಿದ ಕಡಲೆಹಿಟ್ಟಿನ ಕಾಳುಗಳನ್ನು ಪ್ರತಿ ಸಲ ಜಾಲರಿಯಲ್ಲಿ ತೆಗೆದುಬಿಡಿ, ಅವು ಕಪ್ಪಾಗಿ ಎಣ್ಣೆಯನ್ನೂ ಕೆಡಿಸುತ್ತವೆ. ಆಲೂಗಡ್ಡೆ, ಬದನೆ ಹೋಳುಗಳನ್ನು ಬಟ್ಟೆಯಲ್ಲಿ ಒರೆಸಿ ಹಾಕಿದರೆ ಸಿಡಿಯೋದೂ ಕಮ್ಮಿ. ಕರಿದು ಮುಗಿದ ಮೇಲೆ ಬಾಣಲೆ ಹಾಗೇ ತೆರೆದಿಟ್ಟು ತಿನ್ನೋಕೆ ಕೂರ್ತೀವಲ್ಲ, ಆ ಅರ್ಧ ಗಂಟೆಯೂ ಅದು ವಾಸನೆ ಬಿಡ್ತಾನೇ ಇರುತ್ತೆ. ಒಲೆ ಆರಿಸಿ ಗುಳ್ಳೆ ನಿಂತ ಮೇಲೆ, ಒಂದು ತೊಟ್ಟೂ ನೀರಿಲ್ಲದ ಒಣ ತಟ್ಟೆ ಮುಚ್ಚಿ.

ಗಾಳಿಯದ್ದೇ ದೊಡ್ಡ ಕಥೆ. ಚಿಮ್ನಿಗಳಲ್ಲಿ ಎರಡು ಥರ. ಪೈಪ್ ಮೂಲಕ ಹೊಗೆಯನ್ನು ಹೊರಗೆ ಹಾಕುವುದು ಒಂದು. ಇದ್ದಿಲ ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುವುದು ಇನ್ನೊಂದು. ಎರಡನೆಯದು ಆ ಫಿಲ್ಟರನ್ನು ಕೆಲವು ತಿಂಗಳಿಗೊಮ್ಮೆ ಬದಲಿಸದಿದ್ದರೆ ಬರೀ ಸದ್ದು ಮಾಡುತ್ತೆ. ಬಾಡಿಗೆ ಮನೆಯಲ್ಲಿ ಓನರ್ ಗೋಡೆ ಕೊರೆಯಲು ಬಿಡದಿದ್ದರೆ ಎಕ್ಸಾಸ್ಟ್ ಫ್ಯಾನ್ ಸಾಕು, ಸರಿಯಾಗಿ ಬಳಸಿದರೆ. ನಾವು ಫ್ಯಾನ್ ಹಾಕಿ, ಅದರ ಪಕ್ಕದ ಕಿಟಕಿಯನ್ನೇ ತೆಗೀತೀವಿ. ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತೆ, ಒಲೆಯ ಹೊಗೆ ಮಾತ್ರ ಹಾಲ್‌ಗೆ ಬರುತ್ತೆ. ಫ್ಯಾನ್ ಹತ್ತಿರದ ಕಿಟಕಿ ಮುಚ್ಚಿ, ದೂರದ ಹಾಲ್ ಕಿಟಕಿಯನ್ನು ಸ್ವಲ್ಪ ತೆಗೆದರೆ ಗಾಳಿ ಒಲೆಯ ಮೇಲಿಂದಲೇ ಹಾದುಹೋಗುತ್ತೆ. ಎಣ್ಣೆ ಇಡುವ ಮೊದಲೇ ಫ್ಯಾನ್ ಹಾಕಿ, ಮುಗಿದ ಮೇಲೂ ಹದಿನೈದು ನಿಮಿಷ ಓಡಲಿ. ಹಾಲ್‌ನ ಸೀಲಿಂಗ್ ಫ್ಯಾನ್ ಬೇಡವೇ ಬೇಡ. ಬೆಡ್‌ರೂಮ್, ವಾರ್ಡ್‌ರೋಬ್ ಬಾಗಿಲು ಮುಚ್ಚಿ, ಒಣಗಿಸಿದ ಬಟ್ಟೆ ಇದ್ದರೆ ಮೊದಲು ಎತ್ತಿಡಿ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ವ್ಯತ್ಯಾಸ ಮಾಡಿದ್ದು ಈ ಕಿಟಕಿ ಲೆಕ್ಕಾಚಾರವೇ. ಈಗ ಶನಿವಾರ ಬೆಳಿಗ್ಗೆ ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿ ಪಕ್ಕ ಕೂತಿರ್ತಾಳೆ, ಅಮ್ಮ ಪೂರಿ ಕರೀತಾರೆ, ಇಪ್ಪತ್ತು ನಿಮಿಷ ಬಿಟ್ಟು ಎಲ್ಲರೂ ಒಟ್ಟಿಗೆ ತಿಂತೀವಿ. ಐದನೇ ತಿಂಗಳು ಬಂದು ವಾಂತಿ ತಾನಾಗೇ ಕಮ್ಮಿಯಾಗಿದ್ದೂ ಸಹಾಯ ಮಾಡಿತು ಅನ್ನಿ.

ನಿಂಬೆಹಣ್ಣು, ವಿನೆಗರ್ ಕುದಿಸಿ ಅಂತ ಬಹಳ ಜನ ಹೇಳ್ತಾರೆ. ಮೀನಿಗೆ ಅದರಲ್ಲಿ ಅರ್ಥವಿದೆ. ಮೀನಿನ ವಾಸನೆಗೆ ಕಾರಣ ಅಮೀನ್‌ಗಳು. ಹುಳಿ ಸೇರಿದರೆ ಅವು ಉಪ್ಪಾಗಿ ಗಾಳಿಗೆ ಏಳೋದೇ ಇಲ್ಲ. ಮೀನಿಗೆ ನಿಂಬೆರಸ, ಹುಣಸೆಹುಳಿ ಸವರುವುದರ ಹಿಂದೆ ರುಚಿಯ ಜೊತೆ ಈ ಉಪಕಾರವೂ ಇದೆ. ಪ್ಲೇಟು, ಕೈ, ಕಟ್ಟೆಗೂ ಅದನ್ನೇ ಉಜ್ಜಿ. ಆದರೆ ಎಣ್ಣೆ ವಾಸನೆಯ ಆಲ್ಡಿಹೈಡ್‌ಗೆ ನಿಂಬೆಹುಳಿ ಏನೂ ಮಾಡಲ್ಲ. ಅಲ್ಲಿ ಬೇಕಾಗಿರೋದು ಬಿಸಿನೀರು, ಪಾತ್ರೆ ಸೋಪು. ಅದೇ ರಾತ್ರಿ ಒಲೆ ಹಿಂದಿನ ಟೈಲ್ಸ್ ಒರೆಸಿದರೆ ಜಿಡ್ಡು ಗಟ್ಟಿಯಾಗಲ್ಲ.

ಉಳಿದ ಎಣ್ಣೆಯನ್ನು ಆರಿದ ಮೇಲೆ ಸೋಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬೆಳಕು ತಾಗದ ಕಡೆ ಇಟ್ಟು, ಒಂದೆರಡು ದಿನದಲ್ಲಿ ಒಗ್ಗರಣೆಗೋ ದೋಸೆಗೋ ಮುಗಿಸಿಬಿಡಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದಷ್ಟೂ ಅದು ಕಡಿಮೆ ಬಿಸಿಗೇ ಹೊಗೆಯಾಡಲು ಶುರುವಾಗುತ್ತೆ. ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ದಾಟಿದರೆ ಬಳಸುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯೋಕೆ ಆಗಲ್ಲ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ನೊರೆ ಏಳುತ್ತಿದ್ದರೆ ಅದರ ಆಸೆ ಬಿಡಿ. ಸಿಂಕಿಗೆ ಸುರಿದರೆ ಪೈಪ್ ಕಟ್ಟುತ್ತೆ, ಹಳೇ ಬಾಟಲಿಯಲ್ಲಿ ತುಂಬಿಡಿ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಸಂಗ್ರಹಿಸುವ ‘ರೂಕೋ’ ಅನ್ನೋ ಯೋಜನೆಯನ್ನೂ ಇದೇ ಪ್ರಾಧಿಕಾರ ಶುರುಮಾಡಿದೆ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಕೇಳಿ ನೋಡಿ, ನಾಲ್ಕಾರು ಮನೆಯವರು ಸೇರಿ ಕ್ಯಾನ್ ತುಂಬಿಸಿಟ್ಟರೆ ಸಂಗ್ರಹಿಸುವವರಿಗೂ ಬರಲು ಸುಲಭ.