ಮಾದಪ್ಪನ ಮುಂದೆ ಹೆಣ್ಣು ಬೇಡಿದ ರೈತರು

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಹೊರಟ ಪಾದಯಾತ್ರೆಯೊಂದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ ಸೇರಿತು. ಸುಮಾರು ನೂರು ಕಿಲೋಮೀಟರಿನ ಆ ಹಾದಿ ಸವೆಸಿದವರು ಮೂವತ್ತು ದಾಟಿಯೂ ಮದುವೆಯಾಗದ ಗಂಡಸರು, ಹೆಚ್ಚಿನವರು ರೈತರು. ಬೆಟ್ಟದ ದೇವರು ಮಾದಪ್ಪನಲ್ಲಿ ಅವರದು ಒಂದೇ ಹರಕೆ: ಹೆಣ್ಣು ಸಿಗಲಿ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂಬ ಸುದ್ದಿ ಓದಿ ಕೆಲವರು ನಕ್ಕರು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಜಮೀನಿದೆ, ಮನೆಯಿದೆ, ದುಡಿಯುವ ರಟ್ಟೆಯಿದೆ. ಆದರೂ ‘ಹುಡುಗ ಏನು ಕೆಲಸದಲ್ಲಿದ್ದಾನೆ?’ ಎಂಬ ಮೊದಲ ಪ್ರಶ್ನೆಗೇ ಸಂಬಂಧ ಮುರಿದುಬೀಳುತ್ತದೆ.

ಈ ಪ್ರಶ್ನೆಯ ಬೇರು ಬಹಳ ಹಳೆಯದು. ಬಸಿರು, ಬಾಣಂತನ, ಎದೆಹಾಲು ಎಲ್ಲವೂ ಹೆಣ್ಣಿನ ಮೈಮೇಲೆಯೇ ಬೀಳುವುದರಿಂದ ಸಂಗಾತಿಯನ್ನು ಆರಿಸುವಾಗ ಅವಳು ಹೆಚ್ಚು ಎಚ್ಚರ ವಹಿಸುತ್ತಾಳೆ ಎಂಬ ವಾದವನ್ನು ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1972ರಲ್ಲಿ ಮುಂದಿಟ್ಟರು. ಮನೋವಿಜ್ಞಾನಿ ಡೇವಿಡ್ ಬಸ್ 37 ಸಂಸ್ಕೃತಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಗಾತಿಯ ಸಂಪಾದನೆಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಬೆಲೆ ಕೊಟ್ಟದ್ದು ಹೆಚ್ಚುಕಡಿಮೆ ಎಲ್ಲ ಕಡೆಯೂ ಕಂಡಿತು. ಆ ಪಟ್ಟಿಯಲ್ಲಿ ಭಾರತವೂ ಇತ್ತು.

ಹಾಗೆಂದು ಹುಡುಗಿಯರಿಗೆ ದುರಾಸೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇಷ್ಟು ಎಕರೆ, ಇಷ್ಟು ಸಂಬಳ ಎಂದು ಮನಸ್ಸಿನಲ್ಲಿ ಹುಟ್ಟಿನಿಂದಲೇ ಬರೆದಿರುವುದಿಲ್ಲ. ಈ ಊರಿನಲ್ಲಿ, ಈ ಕಾಲದಲ್ಲಿ ಮಕ್ಕಳನ್ನು ಸಾಕಲು ಯಾವುದು ಆಸರೆ ಎಂಬುದನ್ನು ಮನಸ್ಸು ನೋಡುತ್ತದೆ. ಅಜ್ಜಿಯರ ಕಾಲಕ್ಕೆ ಆ ಆಸರೆ ನಾಲೆ ನೀರಿನ ಗದ್ದೆಯಾಗಿತ್ತು. ಮಳೆ, ಬೆಲೆ, ಬಡ್ಡಿ ಮೂರೂ ಕೈಕೊಡುವ ಇಂದು ಅದು ತಿಂಗಳ ಸಂಬಳ. ಕೊಳ್ಳೇಗಾಲ ಸೀಮೆಯ ರೇಷ್ಮೆ ಸಾಕುವ ಮನೆಗಳಲ್ಲಿ ಸೊಪ್ಪು ತಂದು, ಹೊತ್ತುಹೊತ್ತಿಗೆ ಹುಳುವಿಗೆ ಹಾಕಿ, ಅದರ ನಡುವೆಯೇ ಒಲೆ ಹಚ್ಚುವ ತಾಯಿಯನ್ನು ಕಂಡು ಬೆಳೆದ ಮಗಳು ಬೇರೆ ಬಾಳನ್ನು ಬಯಸಿದರೆ ಅದರಲ್ಲಿ ವಿವೇಕವಿದೆ.

ಇನ್ನು, ಹೆಣ್ಣು ಗಂಡಿನಲ್ಲಿ ನೋಡುವ ಅಂತಸ್ತು ಎಂದರೆ ಹಣವೊಂದೇ ಅಲ್ಲ. ಹೆದರಿಸಿ ಪಡೆಯುವ ಮೇಲುಗೈ ಬೇರೆ, ಬಲ್ಲವನೆಂದು ಜನ ತಾವಾಗಿ ಕೊಡುವ ಗೌರವ ಬೇರೆ ಎಂದು ಮಾನವಶಾಸ್ತ್ರಜ್ಞರಾದ ಜೋಸೆಫ್ ಹೆನ್ರಿಕ್ ಮತ್ತು ಗಿಲ್-ವೈಟ್ 2001ರಲ್ಲಿ ವಿಂಗಡಿಸಿದರು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಈ ಎರಡನೆಯದಕ್ಕೆ ತೂಕ ಹೆಚ್ಚು. ಕಾಡು ಬಲ್ಲವನಿಗೆ, ಹೆಜ್ಜೇನು ಇಳಿಸಬಲ್ಲವನಿಗೆ ಅಲ್ಲಿ ಮರ್ಯಾದೆಯಿದೆ. ಒಪ್ಪಿದ ಜೋಡಿ ಕಾಡಿಗೆ ಓಡಿಹೋಗಿ ಮರಳಿದರೆ ಕುಲದ ಹಿರಿಯರು ಸಣ್ಣ ದಂಡ ಹಾಕಿ ಮದುವೆಯನ್ನು ಒಪ್ಪಿಕೊಳ್ಳುವ ಪದ್ಧತಿ ಅವರದು. ಸ್ವತಃ ಬೆಟ್ಟದ ದೇವರು ರಂಗನಾಥನೇ ಸೋಲಿಗರ ಹುಡುಗಿ ಕುಸುಮಾಲೆಗೆ ಒಲಿದು ಅವಳನ್ನು ವರಿಸಿದನೆಂಬ ಕಥೆಯಿದೆ. ಅದಕ್ಕೇ ಅವನು ಅವರಿಗೆ ಭಾವ.

ಹೆಣ್ಣು ತಾನೇ ದುಡಿದು ನಿಲ್ಲುವ ಸಮಾಜಗಳಲ್ಲಿ ಗಂಡಿನ ಸಂಪಾದನೆಯ ಮೇಲಿನ ಒತ್ತು ಇಳಿಯುತ್ತದೆ. ಬಸ್ ಅವರ ಅಂಕಿಗಳನ್ನೇ ಮತ್ತೆ ಜಾಲಾಡಿದ ಮನೋವಿಜ್ಞಾನಿಗಳಾದ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ 1999ರಲ್ಲಿ ಇದನ್ನು ತೋರಿಸಿದರು. ಆದರೆ ನಮ್ಮಲ್ಲಿ ಇನ್ನೊಂದು ಲೆಕ್ಕವೂ ಬಾಕಿಯಿದೆ. ಹೆಣ್ಣನ್ನು ಮೇಲಿನ ಅಂತಸ್ತಿಗೇ ಕೊಡಬೇಕೆನ್ನುವ ಸಮಾಜದಲ್ಲಿ ಮೇಲಿನ ಮನೆಗಳಿಗೆ ಮಗಳು ಹೊರೆಯಾಗುತ್ತಾಳೆ, ಕೆಳಗಿನ ಗಂಡಸರು ಒಂಟಿಯಾಗಿ ಉಳಿಯುತ್ತಾರೆ ಎಂದು ಮಾನವಶಾಸ್ತ್ರಜ್ಞೆ ಮಿಲ್ಡ್ರೆಡ್ ಡಿಕೆಮನ್ 1979ರಲ್ಲೇ ಭಾರತದ ಹೆಣ್ಣುಶಿಶು ಹತ್ಯೆಯನ್ನು ವಿವರಿಸುತ್ತಾ ಬರೆದಿದ್ದರು. ಹೆಣ್ಣು ಬೇಡವೆನ್ನುವ ಆ ಲೆಕ್ಕ ಇನ್ನೂ ಮುಗಿದಿಲ್ಲ: ಬ್ರಹ್ಮಚಾರಿಗಳು ಬೆಟ್ಟ ಹತ್ತಿದ ಅದೇ 2023ರ ಕೊನೆಗೆ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು.