ವಿಡಿಯೊಗೆ ‘ಸಿನಿಮಾ ಲುಕ್’ ಕೊಟ್ಟರೆ ಹಸಿರು ತೆಂಗು ಹಳದಿಯಾಗುವುದೇಕೆ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯ ಒಂದು ತೆಂಗಿನ ತೋಟ ಎಂದುಕೊಳ್ಳಿ. ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ಗರಿಗಳು ಹಚ್ಚಹಸಿರು. ಎಡಿಟಿಂಗ್ ಆ್ಯಪ್‌ನಲ್ಲಿ ‘ಸಿನಿಮ್ಯಾಟಿಕ್’ ಫಿಲ್ಟರ್ ಒತ್ತಿದರೆ ಅವೇ ಗರಿಗಳು ಒಣಗಿದಂತೆ ಹಳದಿ! ‘ನಮ್ಮ ಕಡೆ ತೆಂಗಿಗೆ ರೋಗ’ ಎಂಬ ಸಾಲಿನೊಂದಿಗೆ ಇದು ಹತ್ತು ಗ್ರೂಪಿಗೆ ಹೋದರೆ ಏನಾಗಬಹುದು? ಗರಿ ಹಳದಿಯಾಗುವುದು ನಿಜವಾದ ರೋಗಗಳ ಲಕ್ಷಣವೂ ಹೌದು. ಹಾಗಾಗಿ ನೋಡಿದವರು ಗಾಬರಿಯಾಗುತ್ತಾರೆ, ಬೇಡದ ಔಷಧಿಗೆ ಹಣ ಸುರಿಯುತ್ತಾರೆ.

ಫಿಲ್ಟರ್ ಮಾಡುವುದೇನು?

ಡಿಜಿಟಲ್ ವಿಡಿಯೊದಲ್ಲಿ ಪ್ರತಿ ಚುಕ್ಕಿಯ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬ ಸಂಖ್ಯೆಗಳಲ್ಲಿ ಹೇಳಬಹುದು. ಇಂಥ ಫಿಲ್ಟರ್‌ಗಳ ಹಿಂದೆ ಹೆಚ್ಚಾಗಿ ‘ಲಟ್’ ಎಂಬ ಕೋಷ್ಟಕ ಇರುತ್ತದೆ: ಈ ಬಣ್ಣ ಬಂದರೆ ಆ ಬಣ್ಣ ಹಾಕು, ಅಷ್ಟೇ. ಅದು ಗರಿಯೋ ಸೀರೆಯೋ ಎಂಬುದು ಕೋಷ್ಟಕಕ್ಕೆ ತಿಳಿಯದು.

ಜನಪ್ರಿಯ ಫಿಲ್ಟರ್‌ಗಳಲ್ಲಿ ಒಂದು ಕಿತ್ತಳೆ ಮತ್ತು ಹಸಿರುನೀಲಿಯ ಜೋಡಿ. ನಮ್ಮ ಮೈಬಣ್ಣ ಕಿತ್ತಳೆಗೆ ಹತ್ತಿರ. ಅದಕ್ಕೆ ಎದುರಾದ ಹಸಿರುನೀಲಿಯನ್ನು ಹಿನ್ನೆಲೆಗೆ ತಂದರೆ ಮುಖ ಎದ್ದು ಕಾಣುತ್ತದೆ. ಈ ಎಳೆದಾಟದಲ್ಲಿ ಎಲೆಯ ಹಸಿರು ನೀಲಿಯ ಕಡೆಗೋ ಹಳದಿಯ ಕಡೆಗೋ ಜಾರುತ್ತದೆ.

ಸಿನಿಮಾದವರು ಇದನ್ನು ಬೇಕೆಂದೇ ಮಾಡುತ್ತಾರೆ. 2000ರಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರವನ್ನು ಹಸಿರು ತುಂಬಿದ ಮಿಸಿಸಿಪಿಯಲ್ಲಿ ಚಿತ್ರೀಕರಿಸಿ, ಆ ಹಸಿರನ್ನು ಕಂಪ್ಯೂಟರಿನಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದರು. ಕತೆಗೆ ಆ ಒಣ ನೋಟ ಬೇಕಿತ್ತು. ತೋಟದ ಸುದ್ದಿಗೆ ಬೇಕಿಲ್ಲ.

ಹಾಗಾದರೆ ಸಿನಿಮಾ ಲುಕ್ ಬೇಡವೇ?

ಮದುವೆ, ಜಾತ್ರೆಯ ವಿಡಿಯೊಗೆ ಧಾರಾಳವಾಗಿ ಕೊಡಿ. ಸೆಕೆಂಡಿಗೆ 24 ಫ್ರೇಮ್ ಎಂದು ಮೊದಲೇ ಹೊಂದಿಸಿಕೊಂಡು ಶೂಟ್ ಮಾಡಿ. ಸಿನಿಮಾದ ವೇಗ ಅದೇ. ಎಡಿಟಿಂಗ್‌ನಲ್ಲಿ ಮೊದಲು ಬೆಳಕು, ಬಿಳಿ ಬಣ್ಣ ಸರಿಪಡಿಸಿ, ಆಮೇಲೆ ಫಿಲ್ಟರ್ ಹಾಕಿ, ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ನೋಡಿ. ಮೂಲ ವಿಡಿಯೊ ಅಳಿಸಬೇಡಿ.

ಫಾರ್ವರ್ಡ್ ಬಂದರೆ ಹೀಗೆ ನೋಡಿ

ತೆಂಗಿನ ಜೊತೆಗೆ ಹುಲ್ಲು, ಬಾಳೆ ಎಲೆ, ಬೇಲಿ ಗಿಡ ಎಲ್ಲವೂ ಒಂದೇ ಹಳದಿಯೇ? ಹಾಗಿದ್ದರೆ ಮೊದಲು ಫಿಲ್ಟರನ್ನು ಅನುಮಾನಿಸಿ. ಪಂಚೆ ಬೆಳ್ಳಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ಹಸಿರನ್ನಷ್ಟೇ ಬದಲಿಸಲೂ ಬರುತ್ತದೆ. ಕಳಿಸಿದವರಲ್ಲಿ ಎಡಿಟ್ ಮಾಡದ ವಿಡಿಯೊ ಕೇಳಿ. ನಿಮ್ಮ ತೋಟದ ಮರ ತೋರಿಸಿ ಸಲಹೆ ಕೇಳುವಾಗಲೂ ಫಿಲ್ಟರ್ ಇಲ್ಲದ ವಿಡಿಯೊವನ್ನೇ ಕಳಿಸಿ. ರೋಗದ ಅನುಮಾನ ಉಳಿದರೆ ತೋಟಗಾರಿಕೆ ಇಲಾಖೆಯವರನ್ನು ಕರೆದು ಮರವನ್ನೇ ತೋರಿಸಿ.