ಕಂಪ್ಯೂಟರ್ ಮುಂದೆ ಕುಳಿತು ಸಂಗೀತಗಾರನಾಗಬಹುದೇ? ರಿಕ್ಕಿ ಕೇಜ್ ನಡೆದ ದಾರಿ

ನಮ್ಮ ಕರಾವಳಿಯ ಎಷ್ಟೋ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಬೆಂಗಳೂರು ಸೇರುತ್ತಾರೆ. ಕೆಂಗೇರಿ ಕಡೆಯ ಕಾಲೇಜುಗಳಲ್ಲಿ ಓದುವವರು, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಬಾಡಿಗೆ ಕೋಣೆ ಹಿಡಿದವರು ನಮ್ಮ ನೆಂಟರಿಷ್ಟರಲ್ಲೇ ಸಿಗುತ್ತಾರೆ. ಅಂಥ ಕೋಣೆಯಲ್ಲಿ ಈಗ ಪುಸ್ತಕಗಳ ಪಕ್ಕದಲ್ಲಿ ಲ್ಯಾಪ್‌ಟಾಪ್, ಸಣ್ಣ ಕೀಬೋರ್ಡ್, ಒಂದು ಮೈಕ್ ಕಂಡರೆ ಆಶ್ಚರ್ಯವಿಲ್ಲ. "ನಾನು ಮ್ಯೂಸಿಕ್ ಪ್ರೊಡ್ಯೂಸರ್ ಆಗುತ್ತೇನೆ" ಎಂದು ಮಗನೋ ಮಗಳೋ ಹೇಳಿದಾಗ ಹೆತ್ತವರ ಬಾಯಿಂದ ಬರುವ ಮೊದಲ ಪ್ರಶ್ನೆ: ಅದರಿಂದ ಹೊಟ್ಟೆ ತುಂಬುತ್ತದೆಯೇ?

ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಕೊಡುವ ಮೊದಲು ಈ ಕೆಲಸ ಏನೆಂದು ತಿಳಿದುಕೊಳ್ಳಬೇಕು. ಅದಕ್ಕೆ ಬೆಂಗಳೂರಿನಲ್ಲೇ ಬೆಳೆದು, ಬೆಂಗಳೂರಿನಲ್ಲೇ ಸ್ಟುಡಿಯೋ ಕಟ್ಟಿ, ಮೂರು ಬಾರಿ ಗ್ರ್ಯಾಮಿ ಪ್ರಶಸ್ತಿ ಪಡೆದ ರಿಕ್ಕಿ ಕೇಜ್ ಅವರ ವೃತ್ತಿಜೀವನಕ್ಕಿಂತ ಹತ್ತಿರದ ಉದಾಹರಣೆ ನಮಗೆ ಕಾಣುವುದಿಲ್ಲ.

ಪ್ರೊಡ್ಯೂಸರ್ ಎಂದರೆ ಯಾರು?

ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹಾಕುವವರು. ಸಂಗೀತದಲ್ಲಿ ಹಾಗಲ್ಲ. ರಾಗ ಸಂಯೋಜನೆ, ವಾದ್ಯಗಳ ಆಯ್ಕೆ, ತಾಳದ ಜೋಡಣೆ, ಧ್ವನಿಮುದ್ರಣ, ಕೊನೆಗೆ ಎಲ್ಲ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್, ಇವೆಲ್ಲದರ ಹೊಣೆ ಹೊತ್ತು ಒಂದು ಹಾಡನ್ನು ಕೇಳುಗರ ಕಿವಿಗೆ ತಲುಪುವಂತೆ ಸಿದ್ಧಪಡಿಸುವವರೇ ಮ್ಯೂಸಿಕ್ ಪ್ರೊಡ್ಯೂಸರ್. ಹಿಂದೆ ಇದಕ್ಕೆ ಹತ್ತಾರು ಜನ, ದೊಡ್ಡ ಸ್ಟುಡಿಯೋ ಬೇಕಿತ್ತು. ಕನ್ನಡ ಚಿತ್ರಗಳ ಹಾಡುಗಳನ್ನು ಮುದ್ರಿಸಲು ನಮ್ಮವರು ಮದ್ರಾಸಿಗೆ ಹೋಗುತ್ತಿದ್ದ ಕಾಲವಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೋ ಆರಂಭಿಸಿದ್ದು ಈ ಕೊರತೆಯನ್ನು ನೀಗಿಸಲೆಂದೇ.

ಅದೇ ದಶಕದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. 1983ರಲ್ಲಿ ಮಿಡಿ ಎಂಬ ವ್ಯವಸ್ಥೆ ಬಳಕೆಗೆ ಬಂತು. ಮಿಡಿಯಲ್ಲಿ ಧ್ವನಿ ಇರುವುದಿಲ್ಲ, ಸೂಚನೆಗಳು ಮಾತ್ರ ಇರುತ್ತವೆ: ಯಾವ ಸ್ವರ, ಎಷ್ಟು ಜೋರಾಗಿ, ಎಷ್ಟು ಹೊತ್ತು. ಒಂದು ಕಂಪನಿಯ ಕೀಬೋರ್ಡ್ ಒತ್ತಿದರೆ ಇನ್ನೊಂದು ಕಂಪನಿಯ ಯಂತ್ರ ನುಡಿಯುವುದು ಇದರಿಂದ ಸಾಧ್ಯವಾಯಿತು. ಮುಂದೆ ಕ್ಯೂಬೇಸ್, ಪ್ರೊ ಟೂಲ್ಸ್, ಎಫ್‌ಎಲ್ ಸ್ಟುಡಿಯೋ ಮುಂತಾದ ತಂತ್ರಾಂಶಗಳು ಬಂದು, ಇಡೀ ಸ್ಟುಡಿಯೋ ಕಂಪ್ಯೂಟರಿನ ಒಳಗೆ ಸೇರಿತು. ಬಾರಿಸಿದ ಸ್ವರ ತಪ್ಪಿದ್ದರೆ ಮತ್ತೆ ಬಾರಿಸಬೇಕಿಲ್ಲ, ಪರದೆಯ ಮೇಲೆ ಅದೊಂದನ್ನೇ ಸರಿಪಡಿಸಬಹುದು. ಹೀಗೆ ಒಬ್ಬನೇ ವ್ಯಕ್ತಿ ಒಂದು ವಾದ್ಯವೃಂದದ ಕೆಲಸವನ್ನು ಕೈಗೆತ್ತಿಕೊಳ್ಳುವಂತಾಯಿತು.

ಇದು ನಮಗೆ ತೀರಾ ಪರಕೀಯವೂ ಅಲ್ಲ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆಯ ಮೂಲಕ ತಂಬೂರಿ, ತಬಲಾಗಳ ನಾದವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸಿದರು. ಇಂದು ಶಾಸ್ತ್ರೀಯ ಕಚೇರಿಗಳಲ್ಲೂ ಅಂಥ ಶ್ರುತಿಪೆಟ್ಟಿಗೆ ಕೇಳುತ್ತೇವೆ. ನಮ್ಮ ಚರ್ಚ್‌ಗಳ ಗಾಯನ ಮಂಡಳಿಗಳಲ್ಲಿ ಹಾರ್ಮೋನಿಯಂ ಇದ್ದ ಜಾಗಕ್ಕೆ ಕೀಬೋರ್ಡ್ ಬಂದದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ.

ದಂತವೈದ್ಯ ಪದವಿಯಿಂದ ಸ್ಟುಡಿಯೋಗೆ

ರಿಕ್ಕಿ ಕೇಜ್ ಹುಟ್ಟಿದ್ದು 1981ರ ಆಗಸ್ಟ್ 5ರಂದು ಅಮೆರಿಕದಲ್ಲಿ. ಎಂಟನೆಯ ವಯಸ್ಸಿನಲ್ಲಿ ಕುಟುಂಬದೊಂದಿಗೆ ಬೆಂಗಳೂರಿಗೆ ಬಂದರು. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ಆಕ್ಸ್‌ಫರ್ಡ್ ದಂತವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದರು. ಓದಿನ ಜೊತೆಗೇ ಏಂಜಲ್ ಡಸ್ಟ್ ಎಂಬ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಪದವಿ ಕೈಗೆ ಬಂದ ಮೇಲೆ ಅವರು ಆರಿಸಿಕೊಂಡದ್ದು ದಂತ ಚಿಕಿತ್ಸಾಲಯವನ್ನಲ್ಲ, ಸಂಗೀತವನ್ನು. 2003ರಲ್ಲಿ ರೇವಲ್ಯೂಷನ್ ಎಂಬ ತಮ್ಮದೇ ಸ್ಟುಡಿಯೋ ತೆರೆದರು.

ಹೆತ್ತವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ಓದನ್ನು ಅರ್ಧಕ್ಕೆ ಬಿಡಲಿಲ್ಲ. ಮಕ್ಕಳೂ ಇನ್ನೊಂದನ್ನು ಗಮನಿಸಬೇಕು. ಸ್ಟುಡಿಯೋ ತೆರೆದ ಮರುದಿನವೇ ಅವರ ಹೆಸರು ಜಗತ್ತಿಗೆ ತಿಳಿಯಲಿಲ್ಲ. ಮೊದಲ ಗ್ರ್ಯಾಮಿ ಬರಲು ಹನ್ನೆರಡು ವರ್ಷ ಬೇಕಾಯಿತು.

ಜಾಹೀರಾತುಗಳೇ ಪಾಠಶಾಲೆ

ಆ ಹನ್ನೆರಡು ವರ್ಷಗಳಲ್ಲಿ ಅವರು ಮಾಡಿದ್ದೇನು? ಮುಖ್ಯವಾಗಿ ಜಿಂಗಲ್‌ಗಳು, ಅಂದರೆ ರೇಡಿಯೋ ಮತ್ತು ಟಿವಿ ಜಾಹೀರಾತಿನ ಪುಟ್ಟ ಹಾಡುಗಳು. ಅವರು ಮಾಡಿದ ಜಿಂಗಲ್‌ಗಳ ಸಂಖ್ಯೆ 3,000 ದಾಟುತ್ತದೆ ಎಂದು ಅವರ ಪರಿಚಯ ಲೇಖನಗಳು ಹೇಳುತ್ತವೆ. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ಆದರೆ ಮೂವತ್ತು ಸೆಕೆಂಡಿನಲ್ಲಿ ಕೇಳುಗರ ಮನಸ್ಸಿನಲ್ಲಿ ನಿಲ್ಲುವಂಥದ್ದನ್ನು ಮಾಡುವುದು ಸುಲಭವಲ್ಲ. ಒಂದು ದಿನ ಜಾನಪದ, ಮರುದಿನ ಪಾಶ್ಚಾತ್ಯ ವಾದ್ಯವೃಂದ, ಅದರ ಮರುದಿನ ಮಕ್ಕಳ ಹಾಡು. ಗ್ರಾಹಕರು ಬೇಡವೆಂದರೆ ಮತ್ತೆ ಮಾಡಬೇಕು, ಹೇಳಿದ ಗಂಟೆಗೆ ಮುಗಿಸಿ ಕೊಡಬೇಕು. ಬಾಡಿಗೆ ಮತ್ತು ವಿದ್ಯುತ್ ಬಿಲ್ ಕಟ್ಟುವ ದುಡ್ಡು ಇಂಥ ಕೆಲಸದಿಂದ ಬರುತ್ತದೆ, ಕೈ ಪಳಗುವುದೂ ಇದರಿಂದಲೇ.

ಇದರ ನಡುವೆ ಕನ್ನಡ ಚಿತ್ರರಂಗವೂ ಅವರಿಗೆ ಅವಕಾಶ ಕೊಟ್ಟಿತು. ರಮೇಶ್ ಅರವಿಂದ್ ನಿರ್ದೇಶನದ 'ಆಕ್ಸಿಡೆಂಟ್' (2008) ಮತ್ತು 'ವೆಂಕಟ ಇನ್ ಸಂಕಟ' (2009), ನಂತರ 'ಕ್ರೇಜಿ ಕುಟುಂಬ' (2010) ಚಿತ್ರಗಳಿಗೆ ಅವರು ಸಂಗೀತ ನೀಡಿದರು. 2011ರ ಫೆಬ್ರವರಿಯಲ್ಲಿ ಢಾಕಾದಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಉದ್ಘಾಟನಾ ಸಮಾರಂಭದ ಸಂಗೀತದಲ್ಲೂ ಅವರ ಕೈಯಿತ್ತು.

ಗ್ರ್ಯಾಮಿಯ ಮೆಟ್ಟಿಲುಗಳು

2014ರಲ್ಲಿ ದಕ್ಷಿಣ ಆಫ್ರಿಕಾದ ಕೊಳಲು ವಾದಕ ವೌಟರ್ ಕೆಲ್ಲರ್‌ಮನ್ ಜೊತೆಗೂಡಿ ಅವರು 'ವಿಂಡ್ಸ್ ಆಫ್ ಸಂಸಾರ' ಎಂಬ ಆಲ್ಬಂ ಹೊರತಂದರು. ಗಾಂಧೀಜಿ ಮತ್ತು ನೆಲ್ಸನ್ ಮಂಡೇಲಾ ಅವರ ಆದರ್ಶಗಳೇ ಇದಕ್ಕೆ ಪ್ರೇರಣೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನ್ಯೂ ಏಜ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. 2015ರ ಫೆಬ್ರವರಿ 8ರಂದು ಅತ್ಯುತ್ತಮ ನ್ಯೂ ಏಜ್ ಆಲ್ಬಂ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ನ್ಯೂ ಏಜ್ ಎಂದರೆ ಮನಸ್ಸಿಗೆ ಶಾಂತಿ ನೀಡುವ, ನಿಧಾನ ಗತಿಯ ಸಂಗೀತ. ಇದರಲ್ಲಿ ಎಲೆಕ್ಟ್ರಾನಿಕ್ ನಾದಗಳೂ ನಿಜವಾದ ವಾದ್ಯಗಳೂ ಬೆರೆತಿರುತ್ತವೆ.

ಎರಡನೆಯ ಗ್ರ್ಯಾಮಿ ಬಂದ ಬಗೆ ಇನ್ನೂ ಸ್ವಾರಸ್ಯಕರ. ದಿ ಪೊಲೀಸ್ ಎಂಬ ಪ್ರಖ್ಯಾತ ರಾಕ್ ತಂಡದ ಡ್ರಮ್ ವಾದಕ ಸ್ಟೂವರ್ಟ್ ಕೋಪ್ಲೆಂಡ್ ಜೊತೆ 'ಡಿವೈನ್ ಟೈಡ್ಸ್' (2021) ಸಿದ್ಧವಾದದ್ದು ಕೊರೋನಾ ಕಾಲದಲ್ಲಿ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಧ್ವನಿಮುದ್ರಿಕೆಗಳು ಅಂತರ್ಜಾಲದ ಮೂಲಕ ಅತ್ತಿತ್ತ ಓಡಾಡಿದವು. 2022ರ ಏಪ್ರಿಲ್‌ನಲ್ಲಿ ಇದಕ್ಕೆ ಅತ್ಯುತ್ತಮ ನ್ಯೂ ಏಜ್ ಆಲ್ಬಂ ಪ್ರಶಸ್ತಿ ದೊರೆಯಿತು. ಅದೇ ಆಲ್ಬಂ 2023ರ ಫೆಬ್ರವರಿಯಲ್ಲಿ, ಕೇಳುಗರ ಸುತ್ತಲೂ ಧ್ವನಿ ಹರಡುವಂತೆ ಮಿಶ್ರಣ ಮಾಡಿದ ಸಂಗೀತಕ್ಕೆ ಕೊಡುವ ಪ್ರಶಸ್ತಿಯನ್ನೂ ಗಳಿಸಿತು. 2024ರ 'ಬ್ರೇಕ್ ಆಫ್ ಡಾನ್' ಗ್ರ್ಯಾಮಿಗೆ ನಾಮನಿರ್ದೇಶನಗೊಂಡರೂ ಪ್ರಶಸ್ತಿ ಬೇರೆಯವರ ಪಾಲಾಯಿತು. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಮೊದಲ ಗ್ರ್ಯಾಮಿಯ ನಂತರ ಅವರು ಜಾಹೀರಾತು ಕೆಲಸ ಬಿಟ್ಟು ಪರಿಸರ ಕುರಿತ ಸಂಗೀತಕ್ಕೆ ಒತ್ತು ನೀಡಿದರು. 2015ರಲ್ಲಿ ಪ್ಯಾರಿಸ್‌ನ ಹವಾಮಾನ ಶೃಂಗಸಭೆಯ ಹೊತ್ತಿಗೆ 'ಶಾಂತಿ ಸಂಸಾರ' ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ, ಡೇವಿಡ್ ಅಟೆನ್‌ಬರೋ ನಿರೂಪಣೆಯ 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರಕ್ಕೆ ಸಂಗೀತ ನೀಡಿದ್ದೂ ಅವರೇ. ನಮ್ಮ ಪಶ್ಚಿಮ ಘಟ್ಟದ ಕಾಡನ್ನು ಆ ಚಿತ್ರದಲ್ಲಿ ಕಂಡವರು ಅವರ ಸಂಗೀತವನ್ನೂ ಕೇಳಿದ್ದಾರೆ, ಹೆಸರು ಗಮನಿಸದಿದ್ದರೂ.

ಒಬ್ಬರೇ, ಆದರೆ ಒಂಟಿಯಲ್ಲ

ಒಬ್ಬರೇ ಕುಳಿತು ಮಾಡುವ ಸಂಗೀತ ಎಂದರೆ ಯಾರ ಹಂಗೂ ಇಲ್ಲದ ಸಂಗೀತ ಎಂದು ಯುವಕರು ತಿಳಿಯುವುದುಂಟು. ಮೇಲಿನ ವಿವರಗಳನ್ನು ಮತ್ತೊಮ್ಮೆ ನೋಡೋಣ. 'ವಿಂಡ್ಸ್ ಆಫ್ ಸಂಸಾರ'ದಲ್ಲಿ ನೂರಕ್ಕೂ ಹೆಚ್ಚು ಕಲಾವಿದರು ಭಾಗವಹಿಸಿದ್ದರು. 'ಡಿವೈನ್ ಟೈಡ್ಸ್'ನ ಎರಡನೆಯ ಪ್ರಶಸ್ತಿಯಲ್ಲಿ ಎರಿಕ್ ಶಿಲ್ಲಿಂಗ್, ಹರ್ಬರ್ಟ್ ವಾಲ್ಟ್ಲ್ ಅವರೂ ಪಾಲುದಾರರು. ಕಂಪ್ಯೂಟರ್ ಕೊಳಲಿನ ನಾದವನ್ನು ಅನುಕರಿಸುತ್ತದೆ. ಆದರೆ ಕೆಲ್ಲರ್‌ಮನ್ ಅವರ ಉಸಿರು ಬೇಕೆಂದರೆ ಅವರನ್ನೇ ಕರೆಯಬೇಕು.

ಮುಂಬೈಯ ಚರಣ್‌ಜಿತ್ ಸಿಂಗ್ ಅವರ ಕಥೆ ಇದರ ಇನ್ನೊಂದು ಮುಖ. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ರೆಕಾರ್ಡ್ ಮಾಡಿದರು. ಕೊಳ್ಳುವವರು ಹೆಚ್ಚಿರಲಿಲ್ಲ. 2010ರಲ್ಲಿ ಅದು ವಿದೇಶದಲ್ಲಿ ಮರುಮುದ್ರಣಗೊಂಡಾಗ, ಆಸಿಡ್ ಹೌಸ್ ಎಂಬ ಪಾಶ್ಚಾತ್ಯ ನೃತ್ಯಸಂಗೀತದ ಲಕ್ಷಣಗಳು ಅದಕ್ಕೂ ಮೊದಲೇ ಇದರಲ್ಲಿದ್ದವಲ್ಲ ಎಂದು ಜಗತ್ತು ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಪ್ರತಿಭೆಗೆ ಕೊರತೆ ಇರಲಿಲ್ಲ. ಅದನ್ನು ಕೇಳುಗರ ಬಳಿಗೆ ಒಯ್ಯುವ ಜನರು 28 ವರ್ಷ ಸಿಗಲಿಲ್ಲ.

ಹಕ್ಕು ಯಾರದು?

ಯುವ ಸಂಗೀತಗಾರರು ಎಡವುವುದು ಹೆಚ್ಚಾಗಿ ಇಲ್ಲಿ. ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿವೆ. ರಾಗ ಮತ್ತು ಸಾಹಿತ್ಯದ ಹಕ್ಕು ಒಂದು. ಮುದ್ರಿತ ಧ್ವನಿಯ ಹಕ್ಕು ಇನ್ನೊಂದು. ಜಿಂಗಲ್ ಮಾಡಿದವರಿಗೆ ಸಾಮಾನ್ಯವಾಗಿ ಒಂದೇ ಸಲ ಹಣ ಸಿಗುತ್ತದೆ, ನಂತರ ಅದು ಎಷ್ಟು ಬಾರಿ ಪ್ರಸಾರವಾದರೂ ಅವರಿಗೆ ಏನೂ ಬರುವುದಿಲ್ಲ. ಸ್ವಂತ ಆಲ್ಬಂ ಮಾಡಿದವರು ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದು. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಸಂಯೋಜಕರಿಗೂ ಗೀತರಚನಕಾರರಿಗೂ ದೊಡ್ಡ ಬಲ. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಡೆ ಹಾಡು ಬಳಕೆಯಾದಾಗ ಬರುವ ರಾಯಧನದ ಪಾಲನ್ನು ಅವರಿಂದ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಈ ರಾಯಧನವನ್ನು ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್. ಅದರ ಸದಸ್ಯರಾಗದೆ ಕುಳಿತರೆ ಬರಬೇಕಾದದ್ದೂ ಕೈಸೇರುವುದಿಲ್ಲ. ಯಾವುದೇ ಕರಾರಿಗೆ ಸಹಿ ಹಾಕುವ ಮೊದಲು "ಎಲ್ಲ ಹಕ್ಕುಗಳು, ಶಾಶ್ವತವಾಗಿ" ಎಂಬ ಅರ್ಥದ ಮಾತು ಇದೆಯೇ ಎಂದು ಓದಿ ನೋಡುವುದು ಕಡ್ಡಾಯ.

ಇಂದಿನ ಸವಾಲು

ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ರಿಕ್ಕಿ ಕೇಜ್ ಏರಿದ ಏಣಿಯ ಕೆಳಗಿನ ಮೆಟ್ಟಿಲುಗಳು ಈಗ ಅಲುಗಾಡುತ್ತಿವೆ. ಎರಡು ಸಾಲು ಬರೆದು ಕೊಟ್ಟರೆ ನಿಮಿಷದೊಳಗೆ ಹಾಡು ಕಟ್ಟಿ ಕೊಡುವ ಸುನೋ, ಯುಡಿಯೋ ಮುಂತಾದ ಕೃತಕ ಬುದ್ಧಿಮತ್ತೆಯ ಸೇವೆಗಳು ಬಂದಿವೆ. ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ಬಳಸಿ ಇವುಗಳಿಗೆ ತರಬೇತಿ ಕೊಡಲಾಗಿದೆ ಎಂದು ದೊಡ್ಡ ರೆಕಾರ್ಡ್ ಕಂಪನಿಗಳು 2024ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯಗಳಲ್ಲಿ ದಾವೆ ಹೂಡಿದವು. ಚಿಕ್ಕ ಅಂಗಡಿಯ ಜಾಹೀರಾತಿಗೆ, ಮದುವೆಯ ವಿಡಿಯೋಗೆ ಇಂಥ ಅಗ್ಗದ ಸಂಗೀತ ಸಾಕು ಎನ್ನುವವರು ಹೆಚ್ಚಿದರೆ, ಹೊಸಬರು ದುಡಿಯುತ್ತಾ ಕಲಿಯುವ ಅವಕಾಶವೇ ಕಿರಿದಾಗುತ್ತದೆ. ಅಂಥ ಸಂಗೀತ ಯಾರಿಗೆ ಬೇಕಾದರೂ ಸಿಗುವಾಗ, ತನ್ನದೇ ಊರಿನ ಲಯ, ತನ್ನದೇ ಭಾಷೆಯ ಧಾಟಿ ಬಲ್ಲವರಿಗೆ ಬೆಲೆ ಉಳಿಯುತ್ತದೆ. ಗುಮಟೆಯ ಪೆಟ್ಟು, ಡೋಲಿನ ನಡೆ, ಕೊಂಕಣಿ ಮಾಂಡೊ, ಯಕ್ಷಗಾನದ ಚೆಂಡೆ ನಮ್ಮ ಮಕ್ಕಳಿಗೆ ಕೈಯಳತೆಯಲ್ಲಿವೆ. ಅವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಬಳಿ ಕುಳಿತು ಕಲಿತು, ಮುದ್ರಿಸಿಕೊಳ್ಳುವುದು ಲಕ್ಷ ರೂಪಾಯಿಯ ತಂತ್ರಾಂಶಕ್ಕಿಂತ ಹೆಚ್ಚಿನ ಬಂಡವಾಳ.

ಹಾಗಾದರೆ ಹೊಟ್ಟೆ ತುಂಬುತ್ತದೆಯೇ? ತುಂಬಬಹುದು, ಆದರೆ ತಡವಾಗಿ. ಕೈಯಲ್ಲಿ ಒಂದು ಪದವಿ ಇರಲಿ, ಸಣ್ಣ ಕೆಲಸಕ್ಕೆ ನಾಚಿಕೆ ಬೇಡ, ಹಕ್ಕಿನ ಕಾಗದ ಓದಿ ಸಹಿ ಹಾಕುವ ಜಾಣ್ಮೆ ಬರಲಿ. ಹೆತ್ತವರು ಕೂಡಾ "ಇದೆಂಥ ಗಲಾಟೆ" ಎಂದು ಬಾಗಿಲು ಮುಚ್ಚುವ ಬದಲು ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಮಕ್ಕಳು ಮಾಡಿದ್ದನ್ನು ಪೂರ್ತಿ ಕೇಳಲಿ. ಅವರ ಮೊದಲ ಕೇಳುಗರು ಮನೆಯಲ್ಲೇ ಸಿಗಲಿ ಎಂಬುದು ನಮ್ಮ ಹಾರೈಕೆ.